ಮಳೆಗಾಲದ ಕಟ್ಟಿಗೆಯಂತೆ ಸ್ಟ್ರಿಪ್ಪಿನ ದಾಸ್ತಾನು: ಟೈಪ್ 1 ಮಧುಮೇಹ ಇರುವ ಮನೆಗೊಂದು ಸಮಗ್ರ ಮಾರ್ಗದರ್ಶಿ

ಮೂರು ವರ್ಷದ ಹಿಂದಿನ ಜುಲೈ. ಸಿದ್ದಾಪುರ ಕಡೆಯ ಮಳೆ ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಎರಡು ದಿನದಿಂದ ಕರೆಂಟಿರಲಿಲ್ಲ, ಊರಿನ ತಿರುವಿನಲ್ಲಿ ಮತ್ತಿಮರ ಅಡ್ಡ ಬಿದ್ದಿತ್ತು. ರಾತ್ರಿ ಊಟಕ್ಕೆ ಮುಂಚೆ ಟೈಪ್ 1 ಇರುವ ಮಗಳು ಶುಗರ್ ನೋಡುವ ಮೀಟರಿನ ಚೀಲ ತಡಕಿ, "ಆಯಿ, ಇದೇ ಕಡೇ ಸ್ಟ್ರಿಪ್ಪು" ಅಂದಳು. ಬೆರಳಿನ ರಕ್ತದ ಹನಿ ತಾಗಿಸಿ ಮೀಟರಿನಲ್ಲಿ ನೋಡುವ ಪಟ್ಟಿ ಅದು. ನಾನು ಗಾಬರಿಯಾಗಲಿಲ್ಲ. ಕಪಾಟಿನಲ್ಲಿ ಇನ್ನೊಂದು ಡಬ್ಬಿ ಇದೆಯಲ್ಲ. ಟಾರ್ಚ್ ಹಿಡಿದು ಹುಡುಕಿದೆ. ಡಬ್ಬಿ ಇತ್ತು, ಸೀಲೂ ಒಡೆದಿರಲಿಲ್ಲ. ಆದರೆ ಅದು ಹಿಂದಿನ ವರ್ಷವೇ ಕೈಬಿಟ್ಟ ಹಳೆಯ ಮೀಟರಿನದು. ಹೊಸ ಮೀಟರಿನ ಬಾಯಿಗೆ ಆ ಸ್ಟ್ರಿಪ್ ಹೋಗುವುದೇ ಇಲ್ಲ. 50 ಸ್ಟ್ರಿಪ್ ಕೈಯಲ್ಲಿ ಹಿಡಿದುಕೊಂಡು ಒಂದೂ ಇಲ್ಲದವಳಂತೆ ನಿಂತೆ.

ಆ ಕಡೆಯ ಸ್ಟ್ರಿಪ್ಪನ್ನು ಊಟಕ್ಕೆ ಮುಂಚೆ ಬಳಸಿದೆವು. ಆಮೇಲೆ ಬೆಳಗಿನವರೆಗೆ ಗಂಟೆಗೊಮ್ಮೆ ಎದ್ದು ಅವಳ ಕುತ್ತಿಗೆ ಮುಟ್ಟಿ, ಶುಗರ್ ಇಳಿದು ಬೆವರಿದೆಯೇ ಎಂದು ನೋಡುತ್ತಿದ್ದೆ. ಮಾರನೇ ದಿನ ಹತ್ತೂವರೆಗೆ ಮರ ಕಡಿದು ದಾರಿಯಾಯಿತು, ಇವರು ಬೈಕಿನಲ್ಲಿ ಪೇಟೆಗೆ ಹೋಗಿ ತಂದರು. ಏನೂ ಆಗಲಿಲ್ಲ. ಆದರೆ ಬೇಸಿಗೆಯಲ್ಲೇ ಕಟ್ಟಿಗೆ ಒಟ್ಟಿ, ಹಪ್ಪಳ ಒಣಗಿಸಿ, ನಾಲ್ಕು ತಿಂಗಳಿಗೆ ಆಗುವಷ್ಟನ್ನು ಅಟ್ಟಕ್ಕೆ ಏರಿಸುವ ಊರಿನವರು ನಾವು. ಸ್ಟ್ರಿಪ್ಪಿನ ವಿಷಯದಲ್ಲಿ ಮಾತ್ರ ಆ ಬುದ್ಧಿ ಎಲ್ಲಿ ಹೋಗಿತ್ತೋ!

ಟೈಪ್ 1 ಇದ್ದವರ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಹೆಚ್ಚುಕಡಿಮೆ ತಯಾರಾಗುವುದೇ ಇಲ್ಲ. ಪ್ರತಿ ಡೋಸಿನ ಹಿಂದೆ ಒಂದು ಸಂಖ್ಯೆ ಇರಬೇಕು, ಆ ಸಂಖ್ಯೆ ಸ್ಟ್ರಿಪ್ಪಿನಿಂದ ಬರಬೇಕು. ಹಾಗಾಗಿ ಇದನ್ನು ಔಷಧಿಯಷ್ಟೇ ಮುಖ್ಯವೆಂದು ಲೆಕ್ಕ ಹಾಕಿ. ನಾವು ಈಗ ಹೇಗೆ ಮಾಡುತ್ತೇವೆ ಎಂಬುದನ್ನು ಹಂತಹಂತವಾಗಿ ಬರೆದಿದ್ದೇನೆ.

ಹಂತ 1: ಡಬ್ಬಿ ಎಣಿಸಬೇಡಿ, ದಿನ ಎಣಿಸಿ

"ಎರಡು ಡಬ್ಬಿ ಇದೆ" ಅಂದರೆ ಏನೂ ಹೇಳಿದಂತಾಗಲಿಲ್ಲ. ದಿನಕ್ಕೆ ನಾಲ್ಕು ಸಲ ನೋಡುವವರಿಗೆ ಅದು ಮೂರೂವರೆ ವಾರ, ಹತ್ತು ಸಲ ನೋಡುವ ಪುಟ್ಟ ಮಗುವಿನ ಮನೆಯಲ್ಲಿ ಹತ್ತೇ ದಿನ.

ಮೊದಲು ಒಂದು ವಾರ ಬಳಸಿದ ಸ್ಟ್ರಿಪ್‌ಗಳನ್ನೆಲ್ಲ ಒಂದು ಬಾಟಲಿಗೆ ಹಾಕುತ್ತಾ ಹೋಗಿ, ಕೊನೆಗೆ ಎಣಿಸಿ. ಮೀಟರಿನ ಮೆಮೊರಿ ನೋಡಿದರೆ ಸಾಕಲ್ಲವೇ ಅನ್ನಬಹುದು. ಸಾಲದು. ರಕ್ತ ಸಾಲದೆ ಹಾಳಾದದ್ದು, "ಎರರ್" ಬಂದದ್ದು, ಕೈಜಾರಿ ಬಿದ್ದದ್ದು ಯಾವುದೂ ರೀಡಿಂಗ್‌ಗಳ ಪಟ್ಟಿಯಲ್ಲಿ ಎಣಿಕೆಗೆ ಸಿಗುವುದಿಲ್ಲ.

ನಮ್ಮ ಮನೆಯ ಲೆಕ್ಕ ಹೀಗಿದೆ. ಮೂರು ಊಟಕ್ಕೆ ಮುಂಚೆ, ಸಂಜೆ ಆಟಕ್ಕೆ ಹೋಗುವಾಗ, ಮಲಗುವಾಗ, ಜೊತೆಗೆ ಹಗಲಲ್ಲೋ ರಾತ್ರಿಯಲ್ಲೋ ಅನುಮಾನ ಬಂದಾಗ ಒಂದು: ದಿನಕ್ಕೆ 6, ತಿಂಗಳಿಗೆ 180. ಶುಗರ್ ಲೋ ಆದಾಗ ಒಂದು ಸಲ ನೋಡಿ ಮುಗಿಯುವುದಿಲ್ಲ. 70ಕ್ಕಿಂತ (ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕ) ಕೆಳಗೆ ಬಂದರೆ ಸಕ್ಕರೆ ಕೊಟ್ಟು 15 ನಿಮಿಷಕ್ಕೆ ಮತ್ತೆ ನೋಡಬೇಕು, ಏರದಿದ್ದರೆ ಇನ್ನೊಮ್ಮೆ. ವಾರಕ್ಕೆ ಮೂರು ಲೋ, ಒಂದೊಂದಕ್ಕೂ ಎರಡು ಹೆಚ್ಚುವರಿ ಎಂದರೆ ತಿಂಗಳಿಗೆ ಸುಮಾರು 26. ಹಾಳಾಗುವುದು ಹತ್ತು ಹದಿನೈದು. ಒಟ್ಟು ಸುಮಾರು 220. ನಾನು ಮೊದಲೆಲ್ಲ 180ರ ಲೆಕ್ಕದಲ್ಲೇ ತರುತ್ತಿದ್ದೆ. ತಿಂಗಳ ಕೊನೆಯ ವಾರದಲ್ಲಿ ಸದಾ ಯಾಕೆ ಕೈ ಬಿಗಿಯುತ್ತಿತ್ತು ಎಂದು ಆಮೇಲೆ ತಿಳಿಯಿತು.

ಹಂತ 2: ಮುಟ್ಟಬಾರದ ಗಂಟು ಎಷ್ಟಿರಬೇಕು?

ಬಳಕೆಯ ಡಬ್ಬಿ ಬೇರೆ, ಮುಟ್ಟಬಾರದ ಗಂಟು ಬೇರೆ. ಒಂದು ತಿಂಗಳ ಮಾಮೂಲಿ ಬಳಕೆ ಮತ್ತು ಐದು ದಿನದ ಜ್ವರದ ಬಳಕೆ ಈ ಗಂಟಿನಲ್ಲಿ ಇರಬೇಕು ಎಂಬುದು ನನ್ನ ಅಳತೆ. ಜ್ವರ, ವಾಂತಿ ಇದ್ದಾಗ ಎರಡು ಮೂರು ಗಂಟೆಗೊಮ್ಮೆ ನೋಡಬೇಕಾಗುತ್ತದೆ, ದಿನದ ಬಳಕೆ ಸುಲಭವಾಗಿ ಎರಡರಷ್ಟಾಗುತ್ತದೆ. ಅಂದರೆ ದಿನಕ್ಕೆ ಆರು ಹೆಚ್ಚು, ಐದು ದಿನಕ್ಕೆ 30. 220ಕ್ಕೆ 30 ಸೇರಿಸಿದರೆ 250: ಸೀಲ್ ಒಡೆಯದ ಐದು ಡಬ್ಬಿ.

ಒಮ್ಮೆಗೇ ಐದು ಡಬ್ಬಿ ತರುವುದು ಎಲ್ಲರಿಗೂ ಆಗುವ ಮಾತಲ್ಲ, ನಮಗೂ ಆಗಲಿಲ್ಲ. ಸಂಕ್ರಾಂತಿಯಿಂದ ಶುರುಮಾಡಿ ತಿಂಗಳಿಗೆ ಒಂದು ಡಬ್ಬಿ ಹೆಚ್ಚು ತಂದೆವು. ಜನವರಿ, ಫೆಬ್ರವರಿ, ಮಾರ್ಚ್, ಏಪ್ರಿಲ್, ಮೇ. ಮುಂಗಾರು ಶುರುವಾಗುವ ಹೊತ್ತಿಗೆ ಐದೂ ಕಪಾಟಿನಲ್ಲಿದ್ದವು. ಅಷ್ಟೂ ಆಗದಿದ್ದರೆ ಎರಡು ಡಬ್ಬಿಯಾದರೂ ಇರಲಿ. ನಗರದಲ್ಲಿ, ಕೂಗಳತೆಯಲ್ಲಿ ನಾಲ್ಕು ಮೆಡಿಕಲ್ ಶಾಪ್ ಇರುವವರಿಗೆ ಹದಿನೈದು ದಿನದ್ದು ಸಾಕು ಅನ್ನಿಸಬಹುದು. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾದಾಗ ನಗರ ಹಳ್ಳಿ ಎಂಬ ಭೇದವಿರಲಿಲ್ಲ ಎಂಬುದನ್ನು ಮಾತ್ರ ನೆನಪಿಸುತ್ತೇನೆ. ಔಷಧಿ ಅಂಗಡಿಗೆ ಬಾಗಿಲು ತೆರೆಯಲು ಅನುಮತಿ ಇದ್ದರೆ ಸಾಲದು, ಅಂಗಡಿಗೆ ಮಾಲು ಬರಬೇಕಲ್ಲ.

ಹಂತ 3: ಜೋಡಿ ಮೀಟರ್, ಒಂದೇ ಮಾದರಿ

ನನ್ನ ಆ ರಾತ್ರಿಯ ಪಾಠ ಇದೇ. ಸ್ಟ್ರಿಪ್ ತನ್ನ ಮೀಟರಿಗೆ ಮಾತ್ರ ಹೊಂದುತ್ತದೆ. ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಸ್ಟ್ರಿಪ್ ಬೇರೆ ಬೇರೆ ಇರುತ್ತದೆ: ಅಕ್ಯು-ಚೆಕ್ ಆಕ್ಟಿವ್‌ನದು ಅಕ್ಯು-ಚೆಕ್ ಇನ್‌ಸ್ಟಂಟ್‌ಗೆ ಆಗುವುದಿಲ್ಲ. ಆದ್ದರಿಂದ ಎರಡನೇ ಮೀಟರ್ ಕೊಳ್ಳುವಾಗ ಮೊದಲನೆಯದರ ತದ್ರೂಪವನ್ನೇ ಕೊಳ್ಳಿ. ನೆಂಟರು ಉಡುಗೊರೆ ಕೊಟ್ಟ ಬೇರೆ ಮೀಟರ್, ಶಿಬಿರದಲ್ಲಿ ಉಚಿತವಾಗಿ ಸಿಕ್ಕ ಮೀಟರ್ ಎಲ್ಲ ಇರಲಿ, ಆದರೆ ಅವನ್ನು ದಾಸ್ತಾನಿನ ಲೆಕ್ಕಕ್ಕೆ ಸೇರಿಸಬೇಡಿ. ಎರಡು ಜಾತಿಯ ಮೀಟರ್ ಇಟ್ಟುಕೊಂಡರೆ ಎರಡು ದಾಸ್ತಾನು ಸಾಕಬೇಕು.

ಮೀಟರ್ ಆರಿಸುವಾಗ ನಾನು ಕೇಳುವ ಮೊದಲ ಪ್ರಶ್ನೆ, "ಇದರ ಸ್ಟ್ರಿಪ್ ನಮ್ಮ ಪೇಟೆಯಲ್ಲಿ ಸಿಗುತ್ತದೆಯೇ?" ಬ್ಲೂಟೂತ್, ಆ್ಯಪ್ ಎಲ್ಲ ಆಮೇಲೆ.

ಎರಡು ಮೀಟರ್ ಇಟ್ಟುಕೊಂಡವರು ತಪ್ಪದೆ ಮಾಡುವ ಒಂದು ಕೆಲಸವಿದೆ: ಒಂದೇ ಬೆರಳಿನ ರಕ್ತವನ್ನು ಎರಡಕ್ಕೂ ಕೊಟ್ಟು ಹೋಲಿಸುವುದು, ಒಂದು 140, ಇನ್ನೊಂದು 156 ಎಂದಾಗ ತಲೆ ಕೆಡಿಸಿಕೊಳ್ಳುವುದು. ಐಎಸ್ಒ 15197 ಎಂಬ ಮಾನದಂಡದ 2013ರ ಆವೃತ್ತಿಯ ಪ್ರಕಾರ, ಪ್ರಯೋಗಾಲಯದ ಫಲಿತಾಂಶಕ್ಕೆ ಹೋಲಿಸಿದಾಗ ಮೀಟರಿನ 95% ರೀಡಿಂಗ್‌ಗಳು 100 ಹಾಗೂ ಅದಕ್ಕಿಂತ ಮೇಲಿನ ಮಟ್ಟದಲ್ಲಿ 15 ಶೇಕಡದೊಳಗೆ, 100ಕ್ಕಿಂತ ಕೆಳಗೆ 15 ಅಂಕದೊಳಗೆ ಇರಬೇಕು. ಅಷ್ಟು ಹೆಚ್ಚುಕಮ್ಮಿ ಮೀಟರಿನ ಸ್ವಭಾವ, ಕೆಟ್ಟಿದೆ ಎಂದಲ್ಲ.

ಜೊತೆಗೆ ಬ್ಯಾಟರಿ. ಹೆಚ್ಚಿನ ಮೀಟರ್‌ಗಳಲ್ಲಿ ಇರುವುದು ನಾಣ್ಯದಂಥ ಸಿಆರ್ 2032 ಸೆಲ್. ಕೆಲವಕ್ಕೆ ಒಂದು ಸಾಕು, ಕೆಲವಕ್ಕೆ ಎರಡು ಬೇಕು. ಬೆನ್ನಿನ ಮುಚ್ಚಳ ತೆಗೆದು ಇವತ್ತೇ ನೋಡಿ, ಒಂದು ಪ್ಯಾಕ್ ತಂದಿಡಿ. ಅಂಬೆಗಾಲಿಡುವ ಮಗು ಮನೆಯಲ್ಲಿದ್ದರೆ ಆ ಸೆಲ್ ಕೈಗೆ ಸಿಗದಂತಿರಲಿ. ನುಂಗಿದರೆ ಅನ್ನನಾಳವನ್ನೇ ಸುಡುತ್ತದೆ, ತಡಮಾಡದೆ ಆಸ್ಪತ್ರೆಗೆ ಓಡಬೇಕು. ಬೆರಳು ಚುಚ್ಚುವ ಲ್ಯಾನ್ಸೆಟ್ ಸೂಜಿ ಅಗ್ಗ, ಎಕ್ಸ್‌ಪೈರಿ ದೂರ, 100ರ ಡಬ್ಬಿ ಒಂದು ಹೆಚ್ಚಿರಲಿ. ಚುಚ್ಚುವ ಪೆನ್ನಿನ ಸ್ಪ್ರಿಂಗ್ ಒಂದಲ್ಲ ಒಂದು ದಿನ ಸೋಲುತ್ತದೆ, ಜೋಡಿ ಮೀಟರಿನ ಜೊತೆ ಬಂದದ್ದು ಆಗ ಒದಗುತ್ತದೆ.

ಹಂತ 4: ಕೊಳ್ಳುವಾಗ

ಊರಿನ ಮೆಡಿಕಲ್ ಶಾಪಿನವರ ಸ್ನೇಹ ಮಾಡಿಕೊಳ್ಳಿ. ನಮ್ಮ ಪೇಟೆಯ ಅಂಗಡಿಯವರು ಒಂದು ದಿನ ಹೇಳಿದರು: "ಅಕ್ಕಾ, ಈ ಸ್ಟ್ರಿಪ್ಪು ನಿಮ್ಮ ಮಗಳಿಗಂತಲೇ ತರಿಸೋದು. ತಿಂಗಳಿಗೆ ಇಷ್ಟು ಬೇಕು ಅಂತ ಮೊದಲೇ ಹೇಳಿದ್ರೆ ನಂಗೂ ಸುಲಭ." ಅಲ್ಲಿಯವರೆಗೆ ನಾನು ಕೇಳಿದಾಗೆಲ್ಲ ಸಿಗುತ್ತದೆ ಎಂದೇ ಭಾವಿಸಿದ್ದೆ. ಈಗ ಪ್ರತಿ ತಿಂಗಳು 20ನೇ ತಾರೀಕಿಗೆ ಫೋನ್ ಮಾಡುತ್ತೇನೆ.

ಡಬ್ಬಿ ಕೈಗೆ ಬಂದಾಗ ನೋಡಬೇಕಾದ್ದು ಮೂರು: ಮಾದರಿಯ ಪೂರ್ತಿ ಹೆಸರು, ಸೀಲ್, ಎಕ್ಸ್‌ಪೈರಿ. ಆನ್‌ಲೈನಿನಲ್ಲಿ ಭಾರೀ ರಿಯಾಯಿತಿ ಕಂಡರೆ ಎಕ್ಸ್‌ಪೈರಿ ಹತ್ತಿರ ಬಂದಿರಬಹುದು. ನಾನೊಮ್ಮೆ ತರಿಸಿದ ನಾಲ್ಕು ಡಬ್ಬಿಗೆ ಉಳಿದಿದ್ದು ಏಳು ವಾರ. ಕೂಡಲೇ ಬಳಸುವುದಕ್ಕಾದರೆ ಅದು ಒಳ್ಳೆಯ ವ್ಯಾಪಾರವೇ, ಗಂಟಿಗೆ ಸೇರಿಸಲು ಮಾತ್ರ ಆಗದು. ಗಂಟಿಗೆ ಹೋಗುವ ಡಬ್ಬಿಗೆ ಕನಿಷ್ಠ ಎಂಟು ತಿಂಗಳಾದರೂ ಉಳಿದಿರಬೇಕು ಎಂಬುದು ನಮ್ಮ ನಿಯಮ.

2025ರ ಸೆಪ್ಟೆಂಬರ್ 22ರಿಂದ ಗ್ಲೂಕೋಮೀಟರ್ ಮತ್ತು ಸ್ಟ್ರಿಪ್‌ಗಳ ಜಿಎಸ್‌ಟಿ 12%ನಿಂದ 5%ಗೆ ಇಳಿದಿದೆ. ಬಿಲ್ಲಿನಲ್ಲಿ ಅದು ಕಾಣುತ್ತಿದೆಯೇ ನೋಡಿಕೊಳ್ಳಿ.

ಇನ್ನು ವಿದೇಶದ ನೆಂಟರು. "ಬರುವಾಗ ಏನು ತರಲಿ?" ಎಂದು ಕೇಳುವ ತಮ್ಮನೋ ಭಾವನೋ ಇದ್ದರೆ ಸ್ಟ್ರಿಪ್ ಎಂದು ಬಾಯಿಗೆ ಬರುವುದು ಸಹಜ. ಅಲ್ಲಿ ಮಾರುವ ಮಾದರಿ ನಮ್ಮದಾಗಿರಲಾರದು, ಡಬ್ಬಿಯ ಫೋಟೊ ಕಳಿಸಿ ಖಚಿತ ಮಾಡಿಕೊಳ್ಳಿ. ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾಗಳಿಂದ ಮೀಟರೇ ಬಂದರೆ ಇನ್ನೊಂದು ಗೊಂದಲ. ಅಲ್ಲಿನ ಅಳತೆ ಮಿಲಿಮೋಲ್. ಪರದೆಯ ಮೇಲೆ 5.5 ಎಂದು ಕಂಡು ಅಜ್ಜಿ ಹೌಹಾರಿಯಾರು. ಅದನ್ನು 18ರಿಂದ ಗುಣಿಸಿದರೆ ನಮ್ಮ ಲೆಕ್ಕದ 99, ಆರೋಗ್ಯವಾದ ಸಂಖ್ಯೆ. ಜ್ವರದ ರಾತ್ರಿಯಲ್ಲಿ ಈ ಗುಣಾಕಾರ ಬೇಡ, ಅಂಥ ಮೀಟರನ್ನು ದೂರವಿಡಿ.

ಹಂತ 5: ಇಡುವ ಜಾಗ

ಸ್ಟ್ರಿಪ್ಪಿನ ತುದಿಯಲ್ಲಿ ಒಂದು ಕಿಣ್ವದ ಲೇಪನವಿದೆ. ರಕ್ತದ ಗ್ಲೂಕೋಸ್ ಜೊತೆ ಅದು ವರ್ತಿಸಿದಾಗ ಹುಟ್ಟುವ ಸಣ್ಣ ವಿದ್ಯುತ್ತನ್ನು ಮೀಟರ್ ಅಳೆಯುತ್ತದೆ (ಕೆಲವು ಮಾದರಿಗಳು ಬಣ್ಣವನ್ನು ಅಳೆಯುತ್ತವೆ). ಆ ಲೇಪನಕ್ಕೆ ತೇವವೂ ಆಗದು, ಸೆಕೆಯೂ ಆಗದು. ಡಬ್ಬಿಯ ಮುಚ್ಚಳದಲ್ಲೋ ಒಳಗೋಡೆಯಲ್ಲೋ ತೇವ ಹೀರುವ ವಸ್ತು ಇರುವುದು ಅದಕ್ಕೇ. ಅದನ್ನು ಕಿತ್ತು ಬಿಸಾಡಬೇಡಿ, ಸ್ಟ್ರಿಪ್‌ಗಳನ್ನು ಬೇರೆ ಡಬ್ಬಿಗೆ ಸುರಿಯಬೇಡಿ, ಒದ್ದೆ ಬೆರಳು ಹಾಕಬೇಡಿ. ಒಂದು ತೆಗೆದ ಕೂಡಲೇ "ಟಕ್" ಎಂದು ಕೇಳುವಂತೆ ಮುಚ್ಚಿ.

ಮಲೆನಾಡಿನ ಆಷಾಢದಲ್ಲಿ ಉಪ್ಪಿನ ಭರಣಿಯೇ ನೀರಾಗುತ್ತದೆ, ಇನ್ನು ಸ್ಟ್ರಿಪ್ ಏನು ಮಹಾ. ಒಂದು ಸಲ ಅಡುಗೆಮನೆಯ ಕಟ್ಟೆಯ ಮೇಲೆ ಡಬ್ಬಿಯ ಬಾಯಿ ರಾತ್ರಿಯಿಡೀ ತೆರೆದಿತ್ತು. ಬೆಳಿಗ್ಗೆ 212 ತೋರಿಸಿತು, ಎರಡು ನಿಮಿಷ ಬಿಟ್ಟು ಅದೇ ಕೈಯಲ್ಲಿ 139. ಹೊಸ ಡಬ್ಬಿ ಒಡೆದು ನೋಡಿದ ಮೇಲೇ ಸಮಾಧಾನ. ಹಳೆಯ ಡಬ್ಬಿಯಲ್ಲಿ ಇನ್ನೂ ಮೂವತ್ತಿತ್ತು. ಹೊಟ್ಟೆ ಉರಿದರೂ ಎಸೆದೆ. ಗಂಟು ಇದ್ದದ್ದರಿಂದಲೇ ಎಸೆಯುವ ಧೈರ್ಯ ಬಂತು. ಇಲ್ಲದಿದ್ದರೆ ಆ ತೇವದ ಸ್ಟ್ರಿಪ್ ನಂಬಿಯೇ ಡೋಸ್ ಕೊಡುತ್ತಿದ್ದೆನೇನೋ.

ಸಾಮಾನ್ಯವಾಗಿ ಸ್ಟ್ರಿಪ್ ಡಬ್ಬಿಯ ಮೇಲೆ 30 ಡಿಗ್ರಿಗಿಂತ ಕೆಳಗಿಡಿ ಎಂದಿರುತ್ತದೆ. ಹಾಗೆಂದು ಫ್ರಿಜ್ಜಿನಲ್ಲಿಡಬೇಡಿ. ಫ್ರಿಜ್ ಇನ್ಸುಲಿನ್‌ಗೆ, 2ರಿಂದ 8 ಡಿಗ್ರಿಯಲ್ಲಿ. ಸ್ಟ್ರಿಪ್ಪನ್ನು ಅಲ್ಲಿಂದ ಹೊರತೆಗೆದಾಗ ಡಬ್ಬಿಯೊಳಗೇ ಹನಿಗಟ್ಟುತ್ತದೆ. ಒಲೆಯ ಹತ್ತಿರ, ಬಚ್ಚಲಿನ ಪಕ್ಕ, ಹಂಚಿನ ಕೆಳಗಿನ ಅಟ್ಟ ಮೂರೂ ಬೇಡ. ನಾವು ನಡುಮನೆಯ ಮರದ ಕಪಾಟಿನಲ್ಲಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬದೊಳಗೆ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇವೆ. ರಾಯಚೂರು, ಕಲಬುರಗಿ ಕಡೆಯವರಿಗೆ ತೇವಕ್ಕಿಂತ ಬೇಸಿಗೆಯ ಬಿಸಿಲೇ ಶತ್ರು. ಮನೆಯಲ್ಲಿ ಅತ್ಯಂತ ತಂಪಾದ ಕೋಣೆಯ ಕೆಳಗಿನ ಗೂಡು ಆರಿಸಿ, ನಿಲ್ಲಿಸಿದ ಕಾರಿನಲ್ಲಿ ಮಾತ್ರ ಎಂದೂ ಬಿಡಬೇಡಿ.

ಇದೇ ಜಾಗದಲ್ಲಿ ಕೈ ತೊಳೆಯುವ ಮಾತನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಇದೂ ಸ್ಟ್ರಿಪ್ ಉಳಿಸುವ ದಾರಿ. ಹಲಸಿನ ತೊಳೆ ಬಿಡಿಸಿದ ಕೈಯಲ್ಲಿ ನೋಡಿದಾಗ ಮಗಳದ್ದು 290 ಬಂತು, ಸೋಪು ಹಚ್ಚಿ ತೊಳೆದು ಒರೆಸಿ ನೋಡಿದರೆ 131. ಅಳೆದದ್ದು ಹಲಸಿನ ಸಕ್ಕರೆಯನ್ನು!

ಹಂತ 6: ನಿಧಾನವಾಗಿ ಖರ್ಚಾಗುವವುಗಳ ಮೇಲೆ ಕಣ್ಣು

ದಿನಕ್ಕೆ ಆರೇಳು ಖರ್ಚಾಗುವ ಸ್ಟ್ರಿಪ್ ಎಕ್ಸ್‌ಪೈರ್ ಆಗುವುದು ಅಪರೂಪ. ಕೈಕೊಡುವುದು ವರ್ಷಕ್ಕೆರಡು ಸಲ ಬೇಕಾಗುವ ವಸ್ತುಗಳು. ಅವುಗಳಲ್ಲಿ ಮೊದಲನೆಯದು ಕೀಟೋನ್ ಪಟ್ಟಿ. ಇನ್ಸುಲಿನ್ ಸಾಲದಾದಾಗ ದೇಹ ಕೊಬ್ಬನ್ನು ಉರಿಸಿ ಉಂಟುಮಾಡುವ ಆಮ್ಲವೇ ಕೀಟೋನ್, ಹೆಚ್ಚಾದರೆ ಅಪಾಯ.

ಶುಗರ್ 250 ದಾಟಿ ಇಳಿಯದೇ ಇದ್ದಾಗ ಅಥವಾ ಜ್ವರ, ವಾಂತಿ ಇದ್ದಾಗ ಕೀಟೋನ್ ನೋಡಲೇಬೇಕು. ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಪಟ್ಟಿ ಅಗ್ಗ. ಆದರೆ ಡಬ್ಬಿ ಒಡೆದ ಮೇಲೆ ಅದರ ಆಯುಷ್ಯ ಸಾಮಾನ್ಯವಾಗಿ ಆರು ತಿಂಗಳು, ಮೇಲಿನ ಎಕ್ಸ್‌ಪೈರಿ ಎರಡು ವರ್ಷ ದೂರ ಇದ್ದರೂ ಸಹ. ಒಡೆದ ದಿನವೇ ಡಬ್ಬಿಯ ಮೇಲೆ ತಾರೀಕು ಬರೆಯಿರಿ. ರಕ್ತದ ಕೀಟೋನ್ ಸ್ಟ್ರಿಪ್ ದುಬಾರಿ, ಅದಕ್ಕೆ ತಕ್ಕ ಮೀಟರೂ ಬೇಕು, ತಾಲ್ಲೂಕು ಪೇಟೆಯಲ್ಲಿ ಸಿಗುವುದು ಕಷ್ಟ. ಆದರೆ ಒಂದೊಂದೂ ಬೇರೆ ಬೇರೆ ಹಾಳೆಯಲ್ಲಿ ಸುತ್ತಿ ಬರುವುದರಿಂದ ಒಂದನ್ನು ಬಳಸಿದರೆ ಉಳಿದದ್ದು ಕೆಡುವುದಿಲ್ಲ. ನನ್ನ ಮತ ಅದಕ್ಕೇ. 0.6ಕ್ಕಿಂತ ಕಡಿಮೆ ಇದ್ದರೆ ನಿರಾಳ, 1.5 ದಾಟಿದರೆ ಕೂಡಲೇ ವೈದ್ಯರಿಗೆ ಫೋನ್, 3 ದಾಟಿದರೆ ಫೋನಿಗೂ ಕಾಯದೆ ಆಸ್ಪತ್ರೆ. ಈ ಮೂರು ಸಂಖ್ಯೆ ನಮ್ಮ ಕಪಾಟಿನ ಬಾಗಿಲ ಒಳಗೆ ಅಂಟಿಸಿದೆ.

ಮೈಗೆ ಅಂಟಿಕೊಂಡು ಸದಾ ಶುಗರ್ ತೋರಿಸುವ ಸೆನ್ಸರ್ ಹಾಕಿಕೊಂಡವರಿಗೂ ಇದೇ ಅಪಾಯ ಇನ್ನೊಂದು ರೂಪದಲ್ಲಿ. ತೋಳಿನ ಸೆನ್ಸರ್ 14 ದಿನ ನಡೆಯುತ್ತದೆ ಎಂದುಕೊಂಡಾಗ ಬೆರಳು ಚುಚ್ಚುವುದು ಅಪರೂಪವಾಗುತ್ತದೆ, ಒಡೆದ ಸ್ಟ್ರಿಪ್ ಡಬ್ಬಿ ತಿಂಗಳುಗಟ್ಟಲೆ ಬಿದ್ದಿರುತ್ತದೆ. ಕೆಲವು ಸ್ಟ್ರಿಪ್ ಒಡೆದ ಮೇಲೆ ಮೂರು ತಿಂಗಳು, ಕೆಲವು ಆರು, ಕೆಲವು ಎಕ್ಸ್‌ಪೈರಿಯವರೆಗೂ ಬರುತ್ತವೆ. ನಿಮ್ಮದು ಯಾವುದೆಂದು ಒಳಗಿನ ಚೀಟಿಯಲ್ಲಿ ಓದಿ. ಸೆನ್ಸರ್ ಮನೆಯವರು 50ರ ಬದಲು 25ರ ಡಬ್ಬಿ ತಂದರೆ ನಷ್ಟ ಕಡಿಮೆ. ಸೆನ್ಸರ್ ಬೆವರಿಗೆ ಕಿತ್ತುಬಂದ ದಿನ, ಹೊಸದು ಹಾಕಿದ ಮೊದಲ ಗಂಟೆಯಲ್ಲಿ, ಮೈ ನಡುಗುತ್ತಿದ್ದರೂ ಪರದೆ 120 ಎನ್ನುವಾಗ ಬೆರಳೇ ಗತಿ. ಒಂದು ಸೆನ್ಸರ್ ಸದಾ ಹೆಚ್ಚಿರಲಿ. ಹಾಕಿಕೊಂಡಿರುವುದರ ಪೆಟ್ಟಿಗೆಯನ್ನು ಅದರ ಅವಧಿ ಮುಗಿಯುವವರೆಗೂ ಎಸೆಯಬೇಡಿ, ನಡುವೆ ಕೆಟ್ಟರೆ ಬದಲಿ ಕೇಳುವಾಗ ಸೀರಿಯಲ್ ನಂಬರ್ ಕೇಳುತ್ತಾರೆ.

ಹಂತ 7: ಗಂಟನ್ನು ಒಂದೇ ಕಡೆ ಇಡಬೇಡಿ

ಐದೂ ಡಬ್ಬಿ ಕಪಾಟಿನಲ್ಲಿದ್ದು ನೀವು ಶಿರಸಿ ಜಾತ್ರೆಯಲ್ಲಿದ್ದರೆ ಏನು ಉಪಯೋಗ? ಶಾಲೆಯ ಚೀಲದಲ್ಲಿ ಮೊದಲ ಮೀಟರ್, ಮನೆಯಲ್ಲಿ ಜೋಡಿ ಮೀಟರ್. ಪದೇ ಪದೇ ಹೋಗುವ ಅಜ್ಜನಮನೆಯಲ್ಲಿ ಸೀಲ್ ಒಡೆಯದ ಒಂದು ಡಬ್ಬಿ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟರೆ ಸಾಮಾನು ಡಿಕ್ಕಿಗೆ ಹೋಗಲಿ, ಮೀಟರಿನ ಚೀಲ ಮಡಿಲಲ್ಲಿರಲಿ. ಚೀಲದಲ್ಲಿ ಗ್ಲೂಕೋಸ್ ಪುಡಿ ಅಥವಾ ಸಕ್ಕರೆ ಇಲ್ಲದಿದ್ದರೆ ಮೀಟರ್ ಇದ್ದೂ ಅರ್ಧ ಕೆಲಸ ಅಷ್ಟೇ.

ಶಾಲೆಯಲ್ಲಿ ತರಗತಿಯ ಟೀಚರಿಗೆ ಚೀಲ ಬಿಚ್ಚಿ ತೋರಿಸಿ, ಬಾಯಲ್ಲಿ ಹೇಳಿದರೆ ಮರೆಯುತ್ತಾರೆ. ಪರೀಕ್ಷೆಯ ಹೊತ್ತಿಗೆ ಗಲಾಟೆ ಬೇಡವೆಂದರೆ ಮೊದಲೇ ವೈದ್ಯರ ಪತ್ರ ಕೊಟ್ಟಿಡಿ. ಸಿಬಿಎಸ್‌ಇ 2017ರಲ್ಲೇ ಟೈಪ್ 1 ಮಕ್ಕಳಿಗೆ ಬೋರ್ಡ್ ಪರೀಕ್ಷೆಯ ಕೊಠಡಿಗೆ ತಿನಿಸು ಒಯ್ಯಲು ಅವಕಾಶ ಕೊಟ್ಟಿತ್ತು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ಇಂಥ ಸೌಲಭ್ಯಗಳನ್ನು ಎಲ್ಲ ಶಾಲೆಗಳಲ್ಲೂ ಕೊಡುವಂತೆ ರಾಜ್ಯಗಳಿಗೆ ಪತ್ರ ಬರೆದಿದೆ.

ಹಂತ 8: ತಿಂಗಳಿಗೊಂದು ಅಮಾವಾಸ್ಯೆ

ಅಮಾವಾಸ್ಯೆಯ ದಿನ ನಾವು ಡಬ್ಬ ತೆರೆಯುತ್ತೇವೆ. ಮರೆಯುವುದಿಲ್ಲ ಎಂಬುದೊಂದೇ ಕಾರಣ, ನೀವು ಸಂಬಳದ ದಿನ ಇಟ್ಟುಕೊಳ್ಳಿ. ಹೊಸ ಡಬ್ಬಿ ಹಿಂದಕ್ಕೆ, ಹಳೆಯದು ಮುಂದಕ್ಕೆ. ಮುಂದಿನದನ್ನು ಬಳಕೆಗೆ ತೆಗೆದುಕೊಂಡು ಅಷ್ಟನ್ನೇ ಭರ್ತಿ ಮಾಡುವುದು. ಗಂಟು ಐದರಿಂದ ನಾಲ್ಕಕ್ಕೆ ಇಳಿದರೆ ಅದೇ ದಿನ ಅಂಗಡಿಗೆ ಫೋನ್, ಮೂರಕ್ಕೆ ಇಳಿಯುವವರೆಗೆ ಕಾಯುವುದಿಲ್ಲ. ಜೋಡಿ ಮೀಟರ್ ಆನ್ ಮಾಡಿ ತಾರೀಕು, ವೇಳೆ ಸರಿಯಿದೆಯೇ ನೋಡುತ್ತೇವೆ, ಒಮ್ಮೆ ಅದರಲ್ಲೇ ಪರೀಕ್ಷೆ ಮಾಡುತ್ತೇವೆ.

ಎಲ್ಲ ಮಾಡಿಯೂ ಖಾಲಿಯಾದರೆ

ಆದರೂ ಆಗುತ್ತದೆ. ಆಗ ಮೊದಲ ಮಾತು: ಅಳೆಯಲು ಆಗುತ್ತಿಲ್ಲ ಎಂದು ಇನ್ಸುಲಿನ್ ನಿಲ್ಲಿಸಬಾರದು. ದಿನವಿಡೀ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್ ಅಂತೂ ತಪ್ಪಲೇಬಾರದು, ಊಟದ ಡೋಸ್ ಎಷ್ಟೆಂದು ವೈದ್ಯರಿಗೆ ಫೋನ್ ಮಾಡಿ ಕೇಳಿ. ನಡುಕ, ಬೆವರು, ತೊದಲು, ವಿಚಿತ್ರ ಸಿಟ್ಟು ಕಂಡರೆ ಸಂಖ್ಯೆಗೆ ಕಾಯದೆ ಸಕ್ಕರೆ ಕೊಡಿ. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಊರಿನಲ್ಲಿ ಟೈಪ್ 2 ಇರುವ ಹಿರಿಯರ ಮನೆಯಲ್ಲಿ ಮೀಟರ್ ಇರುತ್ತದೆ. ಅವರ ಮೀಟರ್, ಸ್ಟ್ರಿಪ್ ಬಳಸಿ, ಚುಚ್ಚುವ ಪೆನ್ನು ಮತ್ತು ಸೂಜಿ ಮಾತ್ರ ನಿಮ್ಮದೇ ಇರಲಿ.

ಬಳಸಿದ ಸೂಜಿಯ ಬಗ್ಗೆ ಕೇಳಿದವರಿದ್ದಾರೆ. ಗೊಬ್ಬರಗುಂಡಿಗೆ ಹಾಕಬೇಡಿ, ಬರಿಗಾಲಲ್ಲಿ ಓಡಾಡುವವರಿದ್ದಾರೆ, ದನಗಳಿವೆ. ಖಾಲಿಯಾದ ಗಟ್ಟಿ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಸಿ, ಮುಚ್ಚಳ ಬಿಗಿದು, ಟೇಪ್ ಸುತ್ತಿ, ತಪಾಸಣೆಗೆ ಹೋದಾಗ ಆಸ್ಪತ್ರೆಯಲ್ಲಿ ಕೊಡಿ. ರಕ್ತ ತಾಗಿದ ಸ್ಟ್ರಿಪ್‌ಗಳೂ ಅದರಲ್ಲೇ ಹೋಗಲಿ.

ಕೊನೆಯದಾಗಿ, ನಮ್ಮತ್ತೆಗೆ ಇಂಗ್ಲಿಷ್ ಓದಲು ಬಾರದು. ಡಬ್ಬದ ಮುಚ್ಚಳದ ಮೇಲೆ ಮಗಳು ಮಾರ್ಕರಿನಲ್ಲಿ "ಶುಗರ್ ನೋಡುವುದು", ಪಕ್ಕದ ಚಿಕ್ಕ ಡಬ್ಬಕ್ಕೆ "ಜ್ವರ ಬಂದಾಗ" ಎಂದು ದಪ್ಪಕ್ಷರದಲ್ಲಿ ಬರೆದಿದ್ದಾಳೆ. ಹಳೆಯ ಮೀಟರಿನ ಆ 50 ಸ್ಟ್ರಿಪ್‌ಗಳನ್ನು ಅದೇ ಮಾದರಿ ಬಳಸುತ್ತಿದ್ದ ಪಕ್ಕದೂರಿನ ಮಾಸ್ತರರಿಗೆ ಕೊಟ್ಟೆವು.